ಬಿಳಿಗುಡ್ಡದ ಹುಳುಹಿಟ್ಟು

ಚಂದ್ರನ ಮೇಲೆ ಹಸು ಸಾಕಲು ಆಗುವುದಿಲ್ಲ. ಕೋಳಿಯೂ ಕಷ್ಟ. ಬೇಳೆ ಬೆಳೆಯೋಣವೆಂದರೆ ಜಾಗ ಸಾಲದು. ಹಾಗಾದರೆ ಅಲ್ಲಿ ದುಡಿಯುವ ನಲವತ್ತು ಜನರಿಗೆ ಪ್ರೋಟೀನು ಎಲ್ಲಿಂದ ತರುವುದು? ದೊಡ್ಡ ದೊಡ್ಡವರು ಹತ್ತು ವರ್ಷ ತಲೆ ಕೆಡಿಸಿಕೊಂಡು ಈ ಪ್ರಶ್ನೆಗೆ ಕೊನೆಗೆ ಕೊಟ್ಟ ಉತ್ತರ, ರೇಷ್ಮೆ ಹುಳು. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮಪ್ಪ, "ಅದಕ್ಕೆ ಅಷ್ಟು ದೂರ ಹೋಗಬೇಕಿತ್ತಾ ಬೇಟಾ?" ಅಂದರು. ರಾಮನಗರದಲ್ಲಿ ನಮ್ಮದು ಮೂರು ತಲೆಮಾರಿನ ರೀಲಿಂಗ್ ಮನೆ. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಸತ್ತ ಹುಳು ಬುಟ್ಟಿಗಟ್ಟಲೆ ಕೋಳಿ ಫಾರಂಗೆ ಹೋಗುತ್ತಿತ್ತು. ಆ ನಾತದಲ್ಲೇ ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು. ಅದರಿಂದ ತಪ್ಪಿಸಿಕೊಳ್ಳಲೆಂದೇ ಆಹಾರ ವಿಜ್ಞಾನ ಓದಿ, ಮೂರೂಮುಕ್ಕಾಲು ಲಕ್ಷ ಕಿಲೋಮೀಟರ್ ದೂರ ಬಂದರೆ ಇಲ್ಲೂ ಅದೇ ಹುಳು.

ಹುಳುವಿನ ಪರವಾಗಿ ನಾಲ್ಕು ಮಾತು ಹೇಳಲೇಬೇಕು. ಮೊಟ್ಟೆಯೊಡೆದ ಇಪ್ಪತ್ತು ಇಪ್ಪತ್ತೆರಡು ದಿನಕ್ಕೆ ಅದು ಬೆರಳುದ್ದ ಬೆಳೆಯುತ್ತದೆ. ದೀಪದ ಬೆಳಕಿನಲ್ಲಿ ಬೆಳೆದ ಹಿಪ್ಪುನೇರಳೆ ಸೊಪ್ಪು ಕೊಟ್ಟರೆ ಸಾಕು, ಕುಡಿಯಲು ನೀರು ಕೂಡ ಕೇಳುವುದಿಲ್ಲ. ಗೂಡು ಕಟ್ಟುವ ಮುಂಚೆಯೇ ಆವಿಯಲ್ಲಿ ಬೇಯಿಸಿ, ಒಣಗಿಸಿ, ಬೀಸಿದರೆ ಹಸಿರು ಮಿಶ್ರಿತ ಕಂದು ಹಿಟ್ಟು. ನೂರು ಗ್ರಾಮಿನಲ್ಲಿ ಐವತ್ತು ಗ್ರಾಂ ಮೀರಿ ಪ್ರೋಟೀನು, ಜೊತೆಗೆ ಒಳ್ಳೆಯ ಕೊಬ್ಬು, ಕಬ್ಬಿಣ, ಸತು. ಬಿಳಿಗುಡ್ಡ ನಿಲ್ದಾಣದಲ್ಲಿ ಪ್ರತಿ ಬೆಳೆಯ ಹಿಟ್ಟನ್ನೂ ಪರೀಕ್ಷೆ ಮಾಡಿ ಸಹಿ ಹಾಕುವವಳು ನಾನು, ಆರಿಫಾ.

ಈ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಸಾಮಾನ್ಯವಾಗಿ ಆಹಾರದಲ್ಲಿರುವ ಸಾರಜನಕ ಅಳೆದು, ಆರೂಕಾಲರಿಂದ ಗುಣಿಸಿ, ಇಷ್ಟು ಪ್ರೋಟೀನು ಎಂದು ಬರೆದುಬಿಡುತ್ತಾರೆ. ಆದರೆ ಹುಳುವಿನ ಹೊರಚರ್ಮದಲ್ಲಿ ಕೈಟಿನ್ ಎಂಬ ನಾರಿದೆ. ಅದರಲ್ಲೂ ಸಾರಜನಕವಿದೆ, ಅದು ಹೊಟ್ಟೆಗೆ ಹೋದರೂ ಮೈಗೆ ಹತ್ತುವುದು ಅಷ್ಟಕ್ಕಷ್ಟೆ. ಅದನ್ನು ಕಳೆದೇ ನಾನು ಬರೆಯುತ್ತಿದ್ದೆ. ಹಾಗಾಗಿ ನನ್ನ ಅಂಕಿ ಯಾವಾಗಲೂ ಬೇರೆಯವರದಕ್ಕಿಂತ ಕಡಿಮೆ ಇರುತ್ತಿತ್ತು, ನನಗೆ ಅದೇ ಹೆಮ್ಮೆ.

ಮೊದಲ ವರ್ಷ ಹುಳುಗಳನ್ನು ಯಂತ್ರಗಳೇ ಸಾಕಿದವು. ಸೊಪ್ಪು ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು, ಶಾಖ ಅರ್ಧ ಡಿಗ್ರಿ ಆಚೀಚೆ ಆಗುತ್ತಿರಲಿಲ್ಲ. ಆದರೂ ಸಪ್ಪೆ ರೋಗ ಬಂದು ಮೂರು ಬೆಳೆ ಒಂದರ ಹಿಂದೊಂದು ಕೊಳೆತುಹೋದವು. ಆಗ ಮೇಲಿನವರಿಗೆ ಬುದ್ಧಿ ಬಂದು, ಹುಳು ಮೇಯಿಸಿ ಗೊತ್ತಿರುವವರು ಬೇಕು ಎಂದು ಪ್ರಕಟಣೆ ಕೊಟ್ಟರು. ಹಾಗೆ ಬಂದವರು ಕನಕಪುರದ ಕಡೆಯ ದಂಪತಿ, ಸಿಂಚನಕ್ಕ ಮತ್ತು ಲೋಹಿತಣ್ಣ. ಅವಳು ಹುಳುಮನೆಗೆ. ವೆಲ್ಡಿಂಗ್ ಗೊತ್ತಿದ್ದ ಅವನು ಕುಲುಮೆಗೆ. ಚಂದ್ರನ ಗುಡ್ಡದ ಬಿಳಿಮಣ್ಣು ಕಾಯಿಸಿ ಅಲ್ಯೂಮಿನಿಯಂ, ಆಮ್ಲಜನಕ ತೆಗೆಯುವ ಜಾಗ ಅದು.

ಹಳೇ ಕಾಲದಲ್ಲಿ ಹುಳು ಮೇಯಿಸುವ ಹೆಂಗಸರಿಗೆ ನಿಂಗಮ್ಮ, ಚಿಕ್ಕತಾಯಮ್ಮ ಎಂದು ಹೆಸರಿರುತ್ತಿತ್ತಂತೆ. ಈಗ ಐವತ್ತು ದಾಟಿದವರೆಲ್ಲ ಸಿಂಚನ, ಹರ್ಷಿತ, ಯಶಸ್ವಿನಿಗಳೇ. "ನಮ್ಮವ್ವ ಟೀವಿ ನೋಡಿ ಇಟ್ಟಿದ್ದು ಕಣವ್ವ," ಎಂದು ಅವಳೇ ನಗುತ್ತಿದ್ದಳು. ನಾನು ರಾಮನಗರದ ರೀಲರ್ ಮಗಳು ಎಂದು ಗೊತ್ತಾದ ದಿನ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಮ್ಮಪ್ಪ ಮಾರ್ಕೆಟ್‌ಗೆ ಗೂಡು ತಂದಾಗ ಒಂದು ಗೂಡು ಎತ್ಕಂಡು ಕಿವಿ ಹತ್ರ ಅಲ್ಲಾಡ್ಸಿ ಮೂತಿ ಸಿಂಡರಿಸ್ತಿದ್ದೋರು ನಿಮ್ಮೋರೇ ಅಲ್ವಾ?"

"ಒಳ್ಳೇ ಗೂಡು ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅನ್ನಬೇಕಲ್ಲ ಅಕ್ಕ. ನಿಮ್ಮದು ಅಂತಿರಲಿಲ್ಲ ಅನ್ಸುತ್ತೆ."

ಊರಲ್ಲಾಗಿದ್ದರೆ ಇದು ಜಗಳಕ್ಕೆ ನಿಲ್ಲುತ್ತಿತ್ತು. ಇಲ್ಲಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವತ್ತಿನಿಂದ ಭಾನುವಾರದ ಊಟ ನನಗೆ ಅವರ ಕೋಣೆಯಲ್ಲೇ.

ಅವರು ಬಂದ ಮೇಲೆ ಒಂದು ಬೆಳೆಯೂ ಕೆಡಲಿಲ್ಲ. ನಿಲ್ದಾಣದಲ್ಲಿ ಎಲ್ಲರೂ ಹುಳುಹಿಟ್ಟು ತಿಂದರು. ರೊಟ್ಟಿ ಮಾಡಿಕೊಂಡವರಿದ್ದಾರೆ, ಸಾರಿಗೆ ಕದಡಿಕೊಂಡವರಿದ್ದಾರೆ, ಮೂಗು ಮುಚ್ಚಿಕೊಂಡು ನೀರಿನಲ್ಲಿ ಕುಡಿದವರೂ ಇದ್ದಾರೆ. ತಿನ್ನದೇ ಉಳಿದವರು ಇಬ್ಬರೇ, ಹುಳು ಸಾಕುತ್ತಿದ್ದ ಸಿಂಚನಕ್ಕ ಮತ್ತು ಅವಳ ಗಂಡ. ಭೂಮಿಯಿಂದ ಬರುವ ಅಳತೆಯ ಅಕ್ಕಿ ಬೇಳೆ, ಇಲ್ಲಿ ಬೆಳೆದ ದಂಟು, ಇಷ್ಟರಲ್ಲೇ ಅವರ ಸಂಸಾರ ನಡೆಯುತ್ತಿತ್ತು. ಯಾಕೆಂದು ಒಂದು ದಿನ ಕೇಳಿಯೇಬಿಟ್ಟೆ.

"ಕುರಿ ತಿಂತೀವಿ, ಕೋಳಿ ತಿಂತೀವಿ, ಮೀನಂತೂ ಬುಡಾಕಿಲ್ಲ," ಅಂದ ಲೋಹಿತಣ್ಣ. "ಆದ್ರೆ ಹುಳ ಅಂದ್ರೆ ನಮ್ ಮನೆ ಲಕ್ಷ್ಮಿ ಕಣಮ್ಮ. ಅವಕ್ಕೆ ಸೊಪ್ಪು ಹಾಕ್ದೆ ನಮ್ಮವ್ವ ಒಂದಿನಾನೂ ಉಂಡೋಳಲ್ಲ. ಅಂಥದ್ನ ಗೂಡು ಕಟ್ಟಕ್ಕೂ ಬುಡದೆ ಬೀಸ್ಕಂಡು ತಿನ್ನು ಅಂದ್ರೆ ಗಂಟ್ಲಲ್ಲಿ ಇಳಿಯಾಕಿಲ್ಲ."

"ಗೂಡು ಮಾರ್ತಿದ್ರಲ್ಲ ಅಣ್ಣ. ನಮ್ಮನೇಲಿ ಅದನ್ನ ಬೇಯಿಸ್ತಾರೆ ಅಂತ ಗೊತ್ತಿತ್ತು ತಾನೆ?"

"ಮಾರೋದು ಬೇರೆ, ಉಣ್ಣೋದು ಬೇರೆ," ಅಂದ. ಅವನ ಪಾಲಿಗೆ ಮಾತು ಅಲ್ಲಿಗೆ ಮುಗಿಯಿತು.

ಮಾರ್ಚಿನಲ್ಲಿ ಅವರ ಮಗಳು ಮಾನ್ವಿ ಫೋನು ಮಾಡಿದಳು. ಅವಳು ಎರಡು ತಿಂಗಳ ಬಸುರಿ. ಸಿಂಚನಕ್ಕ ಹುಳುಮನೆಯಿಂದ ನನ್ನ ಲ್ಯಾಬಿನವರೆಗೆ ಹಾರಿ ಹಾರಿ ಬಂದಳು, ಚಂದ್ರನ ಮೇಲೆ ಓಡುವುದೆಂದರೆ ಹಾರುವುದೇ. ಅವರ ಕಡೆ ಚೊಚ್ಚಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕು, ಬಾಣಂತನ ತಾಯಿಯೇ ಮಾಡಬೇಕು. ಹೆರಿಗೆ ಅಕ್ಟೋಬರ್ ಮಧ್ಯಕ್ಕೆ. ಸೆಪ್ಟೆಂಬರ್ ಕೊನೆಗೆ ನೌಕೆ ಹೊರಡುತ್ತದೆ, ಇಬ್ಬರ ಅವಧಿಯೂ ಅಷ್ಟು ಹೊತ್ತಿಗೆ ಮುಗಿಯುತ್ತದೆ. ಎಲ್ಲ ಹೇಳಿ ಮಾಡಿಸಿದಂತೆ ಕೂಡಿಬಂದಿತ್ತು, ಲೋಹಿತಣ್ಣನ ಮೂಳೆಯೊಂದನ್ನು ಬಿಟ್ಟು.

ಚಂದ್ರನ ಮೇಲೆ ನಮ್ಮ ಭಾರ ಭೂಮಿಯ ಆರರಲ್ಲೊಂದು ಭಾಗ. ಹೊರುವ ಕೆಲಸ ಕಡಿಮೆಯಾದ ಮೂಳೆ ತನ್ನಷ್ಟಕ್ಕೆ ತಾನೇ ಸವೆಯುತ್ತದೆ. ಬಂದ ದಿನದ ಗಟ್ಟಿತನವನ್ನು ನೂರು ಎಂದಿಟ್ಟುಕೊಂಡರೆ, ಎಂಬತ್ತಕ್ಕಿಂತ ಕೆಳಗಿಳಿದವರನ್ನು ನೌಕೆ ಹತ್ತಿಸುವಂತಿಲ್ಲ. ಭೂಮಿಯ ಗಾಳಿಗೆ ನುಗ್ಗಿ ವೇಗ ಇಳಿಸುವಾಗ ಮೈಮೇಲೆ ನಾಲ್ಕೈದು ಪಟ್ಟು ಭಾರ ಬೀಳುತ್ತದೆ, ಸೊಂಟ ತಾಳುವುದಿಲ್ಲ. ಲೋಹಿತಣ್ಣ ಆಗ ಎಂಬತ್ಮೂರರಲ್ಲಿದ್ದ, ತಿಂಗಳಿಗೆ ಒಂದರಂತೆ ಇಳಿಯುತ್ತಿದ್ದ. ಏಳು ತಿಂಗಳಿಗೆ ಎಪ್ಪತ್ತಾರು. ಕ್ಯಾಲ್ಸಿಯಂ ಮಾತ್ರೆ ಕೊಟ್ಟರೆ ಮೂತ್ರಪಿಂಡದಲ್ಲಿ ಕಲ್ಲಾಗಿ ಒಮ್ಮೆ ಒದ್ದಾಡಿಬಿಟ್ಟಿದ್ದ, ಹಾಗಾಗಿ ಅದೂ ನಿಂತಿತ್ತು. ಸಿಂಚನಕ್ಕ ಎಂಬತ್ತಾರು, ಅವಳ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ.

"ಅವ್ರ್ನ ಇಲ್ಲೇ ಬುಟ್ಟು ನಾನೊಬ್ಳೇ ಯಂಗೆ ಹೋಗ್ಲಿ?" ಅಂದಳು ಸಿಂಚನಕ್ಕ. "ಹೋಗ್ದೆ ಇದ್ರೆ ಮಗಳ ಮುಖ ಯಂಗೆ ನೋಡ್ಲಿ? ಹೇಳು ನೀನೇ."



ಅದಾದ ವಾರಕ್ಕೇ ಇನ್ನೊಂದು ರಾದ್ಧಾಂತವಾಯಿತು. ಹಿಟ್ಟನ್ನು ಪೂರ್ತಿ ಸುಟ್ಟಾಗ ಉಳಿಯುವ ಬೂದಿಯೇ ಅದರಲ್ಲಿರುವ ಖನಿಜ. ಯಾವಾಗಲೂ ನೂರಕ್ಕೆ ಏಳೆಂಟು ಗ್ರಾಂ ಇರುತ್ತಿದ್ದದ್ದು ಆ ಬೆಳೆಯಲ್ಲಿ ಹನ್ನೊಂದಾಯಿತು. ನಾನು ಅಂಕಿ ಹಾಕುತ್ತಿದ್ದಂತೆಯೇ ನಿಯಂತ್ರಣ ಕೊಠಡಿಯ ಪರದೆ ಕೆಂಪಾಗಿ, ಬೊಳ್ಳಮ್ಮ ಮೇಡಂ ಕರೆಸಿದರು. ಕೊಡಗಿನವರು, ಸೇನೆಯಲ್ಲಿ ಡಾಕ್ಟರಾಗಿದ್ದವರು. ಬಿಳಿಗುಡ್ಡದಲ್ಲಿ ವೈದ್ಯೆಯೂ ಅವರೇ, ಮುಖ್ಯಸ್ಥೆಯೂ ಅವರೇ.

"ಹುಳುಮನೆಗೆ ಹೊರಗಿನ ಮಣ್ಣು ನುಗ್ಗಿದೆ ಆರಿಫಾ. ಗಾಜಿನ ಪುಡಿಯಂಥ ಮಣ್ಣು ಅದು, ಹೊಟ್ಟೆಗೆ ಹೋದರೆ ಏನಾಗುತ್ತೋ ಯಾರಿಗೆ ಗೊತ್ತು? ಹುಳುವಿನ ಸ್ಟ್ಯಾಂಡುಗಳನ್ನೆಲ್ಲ ಖಾಲಿ ಮಾಡಿಸಿ. ಇರೋ ಹಿಟ್ಟನ್ನ ಕುಲುಮೆಗೆ ಹಾಕಿಸಿ."

"ಎರಡು ದಿನ ಕೊಡಿ ಮೇಡಂ. ಬೂದಿಯಲ್ಲಿ ಏನಿದೆ ಅಂತ ನೋಡಿಬಿಡ್ತೀನಿ."

"ಎರಡೇ ದಿನ," ಅಂದರು.

ಮಣ್ಣಾಗಿದ್ದರೆ ಮರಳಿನ ಅಂಶ, ಅಲ್ಯೂಮಿನಿಯಂ ಸಿಗಬೇಕಿತ್ತು. ಎರಡೂ ಇರಲಿಲ್ಲ. ಹೆಚ್ಚಾಗಿ ಸಿಕ್ಕಿದ್ದು ಬರೀ ಕ್ಯಾಲ್ಸಿಯಂ, ಮಾಮೂಲಿಗಿಂತ ಎಷ್ಟೋ ಪಟ್ಟು. ಅದನ್ನು ಅಳೆಯುವುದು ನನ್ನ ಪಟ್ಟಿಯಲ್ಲೇ ಇರಲಿಲ್ಲ, ಹುಳುವಿನಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಎಂದು ಪುಸ್ತಕಗಳಲ್ಲೆಲ್ಲ ಬರೆದಿರುವುದರಿಂದ. ನೇರ ಹುಳುಮನೆಗೆ ಹೋದೆ.

ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಸೊಪ್ಪು ಬಿಟ್ಟು, ತಲೆಯೆತ್ತಿ ಒಂದು ದಿನ ಅಲ್ಲಾಡದೆ ಕೂರುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ನಾನು ಹೋದಾಗ ಸಾವಿರಾರು ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಸಿಂಚನಕ್ಕ ತೆಳು ಬಟ್ಟೆಯ ಗಂಟೊಂದನ್ನು ಅವುಗಳ ಮೇಲೆ ಮೆಲ್ಲಗೆ ಒದರುತ್ತ ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹೋಗುತ್ತಿದ್ದಳು. 

"ಏನಕ್ಕ ಅದು?"

"ಸುಣ್ಣ ಕಣವ್ವ."

"ಚಂದ್ರನ ಮೇಲೆ ಸುಣ್ಣ ಎಲ್ಲಿಂದ ಬಂತು?"

"ನಮ್ಮನೆಯವ್ರು ಕುಲುಮೆಯಿಂದ ತಂದ್ಕೊಟ್ರು. ಮಣ್ಣು ಕಾಯ್ಸಿದ್ ಮೇಲೆ ರಾಶಿ ಉಳಿತದಂತೆ, ಯಾರ್ಗೂ ಬ್ಯಾಡ್ವಂತೆ. ನೀರಾಕಿ ಅರಳ್ಸಿ ಪುಡಿ ಮಾಡ್ದೆ."

"ಯಾವಾಗಿಂದ?"

"ಬಂದ ತಿಂಗ್ಳಿಂದ. ಈ ಸಲ ಗಾಳಿ ಮಿಷನ್ನು ಕೆಟ್ಟು ತೇವ ಜಾಸ್ತಿ ಆಯ್ತಲ್ಲ, ವಸಿ ಜಾಸ್ತಿ ಉದುರ್ಸ್ದೆ."

"ಯಾರು ಹೇಳಿದ್ರು ಉದುರಿಸು ಅಂತ?"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರಾದ್ರೂ ಯಾಕೆ ಹೇಳ್ಬೇಕು? ಹುಳ ಜ್ವರಕ್ಕೆ ಕೂತಾಗ ಸುಣ್ಣ ಉದುರ್ಸ್ದೆ ಇದ್ರೆ ಹಾಸು ವದ್ದೆ ಆಗಿ ರೋಗ ಬತ್ತದೆ. ನಿಮ್ಮ ಯಂತ್ರ ಮೂರು ಬೆಳೆ ಸಾಯ್ಸಿದ್ದು ಸುಮ್ನೆನಾ? ರೀಲರ್ ಮಕ್ಳಿಗೆ ಗೂಡು ಗೊತ್ತು, ಹುಳ ಗೊತ್ತಿಲ್ಲ."

ಯಂತ್ರಕ್ಕೆ ಪಾಠ ಬರೆದ ವಿಜ್ಞಾನಿಗಳು ಸುಣ್ಣವನ್ನು ಕೈಬಿಟ್ಟಿದ್ದರು, ಗಾಳಿ ಬೀಸಿದರೆ ಹಾಸು ಒಣಗುತ್ತದೆ ಎಂದು. ಇವಳು ಯಾರನ್ನೂ ಕೇಳದೆ ಹಾಕಿದ್ದಳು. ಜ್ವರದಿಂದ ಎದ್ದ ಹುಳು ಹಸಿದು ಸೊಪ್ಪಿನ ಜೊತೆ ಆ ಸುಣ್ಣವನ್ನೂ ತಿಂದಿತ್ತು, ಒಂದಿಷ್ಟು ಮೈಗೂ ಮೆತ್ತಿಕೊಂಡಿತ್ತು. ನಾವು ಹುಳುವನ್ನು ಇಡಿಯಾಗಿ ಬೀಸುವುದರಿಂದ ಎಲ್ಲ ಹಿಟ್ಟಿಗೇ ಬಂದಿತ್ತು.

ಬೊಳ್ಳಮ್ಮ ಮೇಡಂಗೆ ಇದನ್ನು ಹೇಳಿದಾಗ ಮೊದಲು ಸಿಟ್ಟಾದರು. ಕೇಳದೆ ಹಾಕಿದ್ದು ತಪ್ಪು, ತಪ್ಪೇ. ಆಮೇಲೆ ಏನೋ ಹೊಳೆದವರಂತೆ ಎಲ್ಲರ ಮೂಳೆಯ ದಾಖಲೆಯನ್ನು ಪರದೆಯ ಮೇಲೆ ತಂದರು. ನಲವತ್ತು ಗೆರೆಗಳು. ಸಿಂಚನಕ್ಕ ಬಂದ ತಿಂಗಳವರೆಗೆ ಆಗ ಇದ್ದವೆಲ್ಲ ಇಳಿಜಾರು. ಅಲ್ಲಿಂದ ಮುಂದೆ ಮೂವತ್ತೆಂಟು ಗೆರೆಗಳು ಹೆಚ್ಚುಕಡಿಮೆ ನೆಟ್ಟಗೆ ಸಾಗಿದ್ದವು.

"ಇದು ನನ್ನ ಸ್ಪ್ರಿಂಗ್ ಮಿಷನ್ನಿನ ವ್ಯಾಯಾಮದಿಂದ ಅಂದುಕೊಂಡಿದ್ದೆ," ಅಂದರು ಮೇಡಂ ಮೆಲ್ಲಗೆ. "ಒಂದು ಲೇಖನ ಬೇರೆ ಕಳಿಸಿದ್ದೀನಿ."

ಹುಳುವಿನಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ಕಡಿಮೆ. ಬರೀ ರಂಜಕ ಒಳಗೆ ಹೋದರೆ ಅದನ್ನು ಸರಿದೂಗಿಸಲು ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಸುಣ್ಣ ಬಿದ್ದ ಹಿಟ್ಟಿನಲ್ಲಿ ಎರಡೂ ಸಮಕ್ಕೆ ಬಂದಿದ್ದವು. ಮಾತ್ರೆಯಂತೆ ಒಮ್ಮೆಗೇ ರಕ್ತಕ್ಕೆ ನುಗ್ಗದೆ ಊಟದ ಜೊತೆ ನಿಧಾನವಾಗಿ ಇಳಿಯುವುದರಿಂದ ಕಲ್ಲಿನ ಭಯವೂ ಅಷ್ಟಿಲ್ಲ. ಹಾಗೆಂದು ಮೇಡಂ ವಿವರಿಸುತ್ತಿದ್ದರು, ನನ್ನ ಕಣ್ಣು ಮಾತ್ರ ಕೆಳಕ್ಕೆ ಇಳಿಯುತ್ತಲೇ ಇದ್ದ ಆ ಎರಡು ಗೆರೆಗಳ ಮೇಲಿತ್ತು. ಮೂವತ್ತೆಂಟು ಜನರ ಮೂಳೆ ಉಳಿಸಿದವರು ತಮ್ಮದನ್ನು ಉಳಿಸಿಕೊಂಡಿರಲಿಲ್ಲ.

ಸುಣ್ಣಕ್ಕೆ ಒಪ್ಪಿಗೆ ಸಿಕ್ಕಿತು. ಎಷ್ಟು ಗ್ರಾಂ ಎಂದು ಬರೆದುಕೊಡಬೇಕೆಂದು ಮೇಡಂ ಪಟ್ಟು ಹಿಡಿದರು. ಸಿಂಚನಕ್ಕನಿಗೆ ಗ್ರಾಂ ಗೊತ್ತಿರಲಿಲ್ಲ, "ಇಬ್ಬನಿ ಬಿದ್ದಂಗೆ" ಅನ್ನುವುದಷ್ಟೇ ಗೊತ್ತಿತ್ತು. ನಾನು ನಾಲ್ಕು ದಿನ ಸ್ಟ್ಯಾಂಡಿನ ಮೇಲೆ ಕಾಗದ ಹಾಸಿ ಅವಳು ಉದುರಿಸಿದ್ದನ್ನು ತೂಗಿದೆ. ನಾಲ್ಕು ದಿನವೂ ಅವಳ ಕೈ ಅರ್ಧ ಗ್ರಾಂ ಕೂಡ ತಪ್ಪಲಿಲ್ಲ.

ಇನ್ನು ಉಳಿದದ್ದು ಲೋಹಿತಣ್ಣನ ಗಂಟಲು. ನಾನು ಅಂಕಿ ತೋರಿಸಿದೆ, ಗೆರೆ ತೋರಿಸಿದೆ, ಮೇಡಂ ಬಂದು ಗದರಿದರು. ಅವನು ಎಲ್ಲದಕ್ಕೂ ತಲೆಯಾಡಿಸಿ, ಊಟಕ್ಕೆ ಕೂತಾಗ ದಂಟಿನ ಸಾರನ್ನೇ ಎಳೆದುಕೊಂಡ. ನಾನು ಸಿಂಚನಕ್ಕನನ್ನು ಪಕ್ಕಕ್ಕೆ ಕರೆದೆ.

"ಸುಮ್ಮನೆ ಅಕ್ಕಿ ಹಿಟ್ಟಿಗೆ ಬೆರೆಸಿ ರೊಟ್ಟಿ ತಟ್ಟಿಬಿಡು ಅಕ್ಕ. ಅವನಿಗೆ ಗೊತ್ತೇ ಆಗಲ್ಲ."

"ಮೂವತ್ತು ವರ್ಷದಿಂದ ಅವ್ರು ನಾನ್ ಏನ್ ಹಾಕಿದ್ರೂ ನೋಡ್ದೆ ಉಂಡವ್ರೆ," ಅಂದಳು. "ನೋಡ್ದೆ ಉಣ್ಣೋರ್ಗೆ ಅಂಗೆಲ್ಲ ಮಾಡ್ಬಾರ್ದು ಕಣವ್ವ."

ಅವತ್ತು ಭಾನುವಾರ, ನಾನೂ ಅಲ್ಲೇ ಇದ್ದೆ. ಅವಳು ಅವನೆದುರಿಗೇ ಹುಳುಹಿಟ್ಟಿನ ಪೊಟ್ಟಣ ಒಡೆದು, ಹಿಟ್ಟು ಕಲಸಿ, ಈರುಳ್ಳಿಯಿಲ್ಲದ ಒಣ ರೊಟ್ಟಿ ತಟ್ಟಿದಳು. ಒಂದನ್ನು ತನ್ನ ತಟ್ಟೆಗೆ ಹಾಕಿಕೊಂಡು ಕೂತಳು. ಎಂದೂ ಅವನಿಗಿಂತ ಮುಂಚೆ ಉಂಡವಳಲ್ಲ. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಾಗ ಕಣ್ಣಲ್ಲಿ ನೀರು ಬಂತು, ಆದರೂ ಅಗಿದು ನುಂಗಿದಳು.

"ಇವುನ್ನ ಮೇಯ್ಸಿದ್ದು ನನ್ ಕೈ," ಅಂದಳು ಗಂಡನಿಗೆ. "ಪಾಪ ಅಂತಿದ್ರೆ ನನಗೇ ಬರ್ಲಿ. ನೀವು ಉಣ್ಣಿ. ಮಗ್ಳು ಕಾಯ್ತಾ ಅವ್ಳೆ."

ಲೋಹಿತಣ್ಣ ರೊಟ್ಟಿಯನ್ನು ಕೈಗೆತ್ತಿಕೊಂಡ. ಆಮೇಲೆ ಎರಡೂ ಕಣ್ಣಿಗೆ ಒತ್ತಿಕೊಂಡು ತಿಂದ. ಪೂರ್ತಿ ಮುಗಿಸಿ, ನೀರು ಕುಡಿದು, "ಉಪ್ಪು ಕಮ್ಮಿ ಆಗೈತೆ," ಅಂದ. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಅಲ್ಲಿಂದ ಆರು ತಿಂಗಳು ನಾನು ಆ ಮನೆಯ ಹಿಂದೆ ಬಿದ್ದೆ. ಒಬ್ಬರಿಗೆ ದಿನಕ್ಕೆ ಒಂದು ಪೊಟ್ಟಣ, ಅರವತ್ತು ಗ್ರಾಂ. ಇಬ್ಬರಿಗೆ ಎರಡು. ಪ್ರತಿ ವಾರ ಹದಿನಾಲ್ಕು ಖಾಲಿ ಪೊಟ್ಟಣ ನನ್ನ ಲ್ಯಾಬಿಗೆ ಬರುತ್ತಿದ್ದವು. ಒಂದೂ ತಪ್ಪಲಿಲ್ಲ. ಗೆರೆಗಳು ನೆಟ್ಟಗಾಗಿದ್ದು ಕಂಡ ಮೇಲೆ ಮೇಡಂ ನಿಯಮ ಬದಲಿಸಿದ್ದರು, ಎಂಬತ್ತೈದಕ್ಕಿಂತ ಕೆಳಗಿದ್ದವರಿಗೆ ತಿಂಗಳಿಗೊಮ್ಮೆ ಮೂಳೆಯ ಸ್ಕ್ಯಾನು, ಎಕ್ಸ್‌ರೇ ಹೆಚ್ಚಾಗಬಾರದೆಂದು ಉಳಿದವರಿಗೆ ಊರಿಗೆ ಹೊರಡುವಾಗ ಮಾತ್ರ. ಲೋಹಿತಣ್ಣ ಏಪ್ರಿಲ್‌ನಲ್ಲಿ ಎಂಬತ್ತೆರಡೂವರೆ, ಜೂನ್‌ನಲ್ಲೂ ಎಂಬತ್ತೆರಡೂವರೆ, ಆಗಸ್ಟ್‌ನಲ್ಲಿ ಎಂಬತ್ತೆರಡು. ಪ್ರತಿ ಸಲವೂ ನಾನು ಹುಳುಮನೆಗೆ ಹಾರಿ ಹೋಗಿ ಹೇಳುತ್ತಿದ್ದೆ. ಸಿಂಚನಕ್ಕ ಹುಳುಗಳ ಕಡೆ ತಿರುಗಿ ಕೈಮುಗಿಯುತ್ತಿದ್ದಳು.

ಅವಳು ತಯಾರಿಯನ್ನೂ ಶುರುಮಾಡಿದ್ದಳು. ಹಳೆಯ ಹತ್ತಿ ಬಟ್ಟೆ ಹರಿದು ಮಡಿಚಿಟ್ಟಳು. ಮಾನ್ವಿಗೆ ಫೋನು ಮಾಡಿ, ಬಾಣಂತಿಗೆ ಯಾವ ಖಾರ ಅರೆದಿಡಬೇಕು, ಬೆಳ್ಳುಳ್ಳಿ ಎಷ್ಟು ತರಿಸಬೇಕು ಎಂದು ಪಟ್ಟಿ ಒಪ್ಪಿಸುತ್ತಿದ್ದಳು. ಸಿಂಚನಕ್ಕ ತೆಳ್ಳಗಾಗಿದ್ದಾಳೆ ಎಂದು ನನಗೆ ಒಮ್ಮೆ ಅನಿಸಿದ್ದು ನಿಜ. ಊರಿಗೆ ಹೋಗುವ ಸಡಗರ, ಊಟದ ಮೇಲೆ ಗಮನವಿಲ್ಲ ಎಂದುಕೊಂಡು ಸುಮ್ಮನಾದೆ.

ನೌಕೆ ಹೊರಡಲು ಆರು ದಿನ ಇರುವಾಗ ಕೊನೆಯ ಸ್ಕ್ಯಾನು. ಲೋಹಿತಣ್ಣನದು ಮೊದಲಾಯಿತು, ಎಂಬತ್ತೆರಡು. ಮೇಡಂ ಅವನ ಬೆನ್ನು ತಟ್ಟಿದರು. ಆಮೇಲೆ ಸಿಂಚನಕ್ಕ ಮಲಗಿದಳು. ಪರದೆಯ ಮೇಲೆ ಎಪ್ಪತ್ತೊಂಬತ್ತು ಬಂತು. ಯಂತ್ರ ಕೆಟ್ಟಿದೆ ಎಂದು ಮೇಡಂ ಇನ್ನೊಮ್ಮೆ ಮಾಡಿದರು, ಮತ್ತೂ ಒಮ್ಮೆ ಮಾಡಿದರು. ಮೂರು ಸಲವೂ ಎಪ್ಪತ್ತೊಂಬತ್ತೇ.

"ಅಕ್ಕ, ನೀನು ಹಿಟ್ಟು ತಿಂತಿದ್ದೆ ತಾನೆ?" ಅಂದೆ.

"ತಿಂತಿದ್ದೆ ಕಣವ್ವ," ಅಂದಳು. ಆಮೇಲೆ ನೆಲ ನೋಡಿದಳು. "ಅವ್ರ್ಗೆ ನಾಕು ರೊಟ್ಟಿ. ಮಿಕ್ಕಿದ್ರಲ್ಲಿ ನಂಗೊಂದರ್ಧ."

"ಭಾನುವಾರ ನನ್ನೆದುರಿಗೆ ತಿಂತಿದ್ದೆಯಲ್ಲ."

"ಭಾನ್ವಾರ ನೀನಿರ್ತಿದ್ದೆ, ತಿಂತಿದ್ದೆ. ಮಿಕ್ಕಿದ್ ದಿನ ಅವ್ರು ಉಂಡು ಕೆಲ್ಸುಕ್ಕೋದ್ಮೇಲೆ ತಾನೆ ನಾನು ಕೂರ್ತಿದ್ದದ್ದು."

"ಯಾಕಕ್ಕ ಹಾಗೆ ಮಾಡಿದೆ?"

ಇದೆಂಥ ಪ್ರಶ್ನೆ ಅನ್ನುವಂತೆ ಅವಳು ನನ್ನನ್ನು ನೋಡಿದಳು. "ಅವ್ರು ಎಂಬತ್ಮೂರು, ನಾನು ಎಂಬತ್ತಾರು ಅಂತ ನೀವೇ ಹೇಳಿದ್ರಲ್ಲ. ಕಮ್ಮಿ ಇದ್ದೋರ್ಗೆ ತಾನೆ ಜಾಸ್ತಿ ಹಾಕ್ಬೇಕು?"

ಎಂಬತ್ತಾರು ಎಂದರೆ ಅವಳ ಲೆಕ್ಕದಲ್ಲಿ ತುಂಬಿದ ಡಬ್ಬ, ಅದು ಖಾಲಿಯಾಗುತ್ತಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮುಟ್ಟು ನಿಂತ ಹೆಂಗಸಿನ ಮೂಳೆ ಇನ್ನೂ ಬೇಗ ಸವೆಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಎಂಬತ್ತೈದರ ಗೆರೆಗಿಂತ ಒಂದೇ ಒಂದು ಅಂಕ ಮೇಲಿದ್ದಳೆಂದು ಅವಳನ್ನು ಮರೆತೆ. ಪೊಟ್ಟಣ ಎಣಿಸಿದೆ, ಹಿಟ್ಟು ಸುಟ್ಟು ಬೂದಿ ತೂಗಿದೆ, ಅವಳ ಊಟ ನೋಡಲಿಲ್ಲ. ನಮ್ಮಮ್ಮನೂ ಹೀಗೇ, ಎಲ್ಲರೂ ಎದ್ದ ಮೇಲೆ ಪಾತ್ರೆ ಬಳಿದುಕೊಂಡು ಉಣ್ಣುವವಳು. ಅದನ್ನು ನೋಡುತ್ತಲೇ ಬೆಳೆದ ನಾನು ಇಲ್ಲಿ ಹೇಗೆ ಕುರುಡಾದೆನೋ. ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಅವಳೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

ಲೋಹಿತಣ್ಣ ಗೋಡೆಗೆ ಒರಗಿ ನಿಂತಿದ್ದವನು, "ನಾನೂ ಹೋಗಾಕಿಲ್ಲ," ಅಂದ.

"ಹೋಗ್ದೆ ಇದ್ರೆ ನಾನು ಅರ್ಧ ರೊಟ್ಟಿ ತಿಂದಿದ್ದೆಲ್ಲ ದಂಡ," ಅಂದಳು ಸಿಂಚನಕ್ಕ.

"ನೀನ್ ತಿನ್ನೋ ಅನ್ನ ಕಿತ್ಕಂಡು ಉಂಡಿದೀನಿ ಕಣೇ ಸಿಂಚು ನಾನು. ನಂಗೆ ಗೊತ್ತೇ ಆಗ್ಲಿಲ್ವಲ್ಲೇ."

"ಕಿತ್ಕಳ್ಳಿಲ್ಲ, ನಾನು ಬಡ್ಸಿದ್ದು. ಈಗ ಅತ್ಕೊಂಡ್ ಕೂರಕ್ಕೆ ಟೈಮಿಲ್ಲ. ಬಾಣಂತನ ನೀವು ಮಾಡಿ."

"ಗಂಡಸು ಬಾಣಂತನ ಮಾಡೋದಾ?"

"ಗಂಡಸಾದ್ರೇನು? ಚಾಕಿ ಹುಳ ಬಿಡ್ಸಿದ ಕೈ ಅಲ್ವಾ ಅದು? ಮೊಟ್ಟೆಯಿಂದ ಆಗ್ತಾನೆ ಬಂದಿದ್ದ ಎಳೇ ಹುಳಾನ ಯಂಗೆ ಎತ್ತತಿದ್ರಿ, ಮಗೀನೂ ಅಂಗೇ ಎತ್ತಿ. ಮಿಕ್ಕಿದ್ದು ನಾನು ಹೇಳ್ಕೊಡ್ತೀನಿ."

ಬೊಳ್ಳಮ್ಮ ಮೇಡಂ ಬಾಗಿಲ ಕಡೆ ಮುಖ ಮಾಡಿ ನಿಂತಿದ್ದರು. ಸೇನೆಯಲ್ಲಿದ್ದವರು, ಯಾರ ಮುಂದೆಯೂ ಕಣ್ಣೊರೆಸಿಕೊಳ್ಳುವ ಪೈಕಿಯಲ್ಲ.

ಆ ಆರು ದಿನ ಅವರ ಕೋಣೆಯಲ್ಲಿ ಪಾಠ ನಡೆಯಿತು. ಹುಳುಹಿಟ್ಟಿನ ಮೂಟೆಗೆ ಬಟ್ಟೆ ಸುತ್ತಿ, ಕಾಲು ನೀಡಿ ಕೂತು, ಅದನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವುದನ್ನು ಲೋಹಿತಣ್ಣ ಕಲಿತ. ಎರಡು ಸಲ ಮೂಟೆ ಜಾರಿ ಬಿತ್ತು, ಇಲ್ಲಿ ಎಲ್ಲವೂ ನಿಧಾನವಾಗಿ ಬೀಳುವುದರಿಂದ ನೆಲ ಮುಟ್ಟುವ ಮುಂಚೆ ಹಿಡಿದುಕೊಂಡ. "ಅಲ್ಲಿ ಇಷ್ಟೊತ್ತು ಕಾಯಾಕಿಲ್ಲ, ದಬ್ ಅಂತ ಬೀಳ್ತದೆ, ಗ್ಯಾನ ಇರ್ಲಿ," ಎಂದು ಸಿಂಚನಕ್ಕ ಗದರಿದಳು. ಏಳನೇ ದಿನ ಅವನು ಒಬ್ಬನೇ ನೌಕೆ ಹತ್ತಿದ. ಮುಂದಿನ ನೌಕೆ ಮಾರ್ಚಿಗೆ.

ಅಕ್ಟೋಬರ್ ಹದಿನೆಂಟಕ್ಕೆ ಹೆಣ್ಣು ಮಗು ಹುಟ್ಟಿತು. ದಿನಾ ಮಗುವಿಗೆ ನೀರು ಹಾಕುವ ಹೊತ್ತಿಗೆ ಕನಕಪುರದಿಂದ ಕರೆ ಬರುತ್ತದೆ, ಆ ಹೊತ್ತಿಗೆ ಸರಿಯಾಗಿ ನಾನೂ ಊಟಕ್ಕೆ ಸಿಂಚನಕ್ಕನ ಕೋಣೆಗೇ ಬರುತ್ತೇನೆ. ಮಾತು ಅಲ್ಲಿಗೆ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡು ಬೇಕು. ಸಿಂಚನಕ್ಕ, "ಕಿವಿಗೆ ನೀರು ಹೋಗ್ದಂಗೆ ಕೈ ಅಡ್ಡ ಹಿಡೀರಿ," ಅನ್ನುವಷ್ಟರಲ್ಲಿ ಲೋಹಿತಣ್ಣ ನೀರು ಹುಯ್ದಾಗಿರುತ್ತದೆ. ಆದರೂ ಬರುಬರುತ್ತ ಅವನ ಕೈ ಕುದುರಿದೆ. ಎಣ್ಣೆ ತಿಕ್ಕುತ್ತಾನೆ, ಮೂಗು ನೀವುತ್ತಾನೆ, ಸಾಂಬ್ರಾಣಿ ಹಾಕುತ್ತಾನೆ. ನೋಡಲು ಬಂದ ನೆಂಟರ ಹೆಂಗಸರು ಮೊದಮೊದಲು ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ, ಈಗ ಅವರವರ ಮಕ್ಕಳನ್ನೂ ತಂದು ಅವನ ಕಾಲ ಮೇಲೆ ಹಾಕುತ್ತಾರಂತೆ.

ನಿನ್ನೆಯೂ ಕರೆ ಬಂತು. ಸಿಂಚನಕ್ಕನ ಈ ತಿಂಗಳ ಸ್ಕ್ಯಾನು ಎಪ್ಪತ್ತೊಂಬತ್ತೂವರೆ. ಮೂಳೆ ಕರಗಿದಷ್ಟು ಬೇಗ ಕೂಡುವುದಿಲ್ಲ, ಮೇಡಂ ಔಷಧಿಯನ್ನೂ ಹಾಕಿದ್ದಾರೆ, ಮಾರ್ಚಿಗೆ ಇನ್ನೂ ಎರಡು ತಿಂಗಳಿದೆ. ಲೋಹಿತಣ್ಣ ಮಗುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ಎದೆಗೆ ಹಾಕಿಕೊಂಡು ಪರದೆಯ ಹತ್ತಿರ ಬಂದ. ಮಗು ಹಸಿದು ಅಳುತ್ತಿತ್ತು.

"ತಟ್ಟೆ ತೋರ್ಸು," ಅಂದ.

ಸಿಂಚನಕ್ಕ ತಟ್ಟೆಯನ್ನು ಕ್ಯಾಮೆರಾದ ಕಡೆ ವಾಲಿಸಿದಳು. ಎರಡು ರೊಟ್ಟಿ ಇದ್ದವು.

"ಮೂರು ಅಂದಿದ್ರು ಡಾಕ್ಟ್ರು."

"ಮಗ ಅಳ್ತದೆ, ಮಾನ್ವಿ ಕೈಗೆ ಕೊಡಿ ಮೊದ್ಲು. ನಾನು ಆಮೇಲೆ ಹಾಕ್ಕೊತೀನಿ."

ಎರಡೂವರೆ ಸೆಕೆಂಡು ಕಳೆಯಿತು. ಅವನು ಮಗುವನ್ನು ಮಗಳ ಕೈಗೆ ಕೊಟ್ಟು ಬಂದು, ಪರದೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ತಾನಿನ್ನೂ ಉಂಡಿಲ್ಲವೆಂದ. ನಾನು ಮೂರನೆಯ ರೊಟ್ಟಿ ಬಡಿಸಿದೆ. ಅವಳು ಅದನ್ನು ಮುರಿದು, ಸಾರಿನಲ್ಲಿ ಅದ್ದಿ ತಿನ್ನತೊಡಗಿದಳು. ಅವಳ ತಟ್ಟೆ ಪೂರ್ತಿ ಖಾಲಿಯಾಗುವವರೆಗೆ ಅವನು ಅಲ್ಲಿಂದ ಏಳಲಿಲ್ಲ.